ತ್ಸುಮಾಗೊ: ಮಾರಲ್ಲ, ಬಾಡಿಗೆಗೆ ಕೊಡಲ್ಲ, ಕೆಡವಲ್ಲ

ಜಪಾನಿನ ನಗೋಯಾದಲ್ಲಿರುವ ನಮ್ಮವರು ಊರಿಂದ ಯಾರೇ ಬಂದರೂ ಕ್ಯೋಟೋಗೆ ಕರೆದುಕೊಂಡು ಹೋಗುತ್ತಾರೆ. ನಾನು ಅಮ್ಮನನ್ನು ಕಿಸೊ ಕಣಿವೆಗೆ ಕರೆದುಕೊಂಡು ಹೋದೆ. ಸಾಗರದ ಕಡೆಯವಳು, ಗುಡ್ಡ ಹತ್ತುವುದು ಅವಳಿಗೆ ಹೊಸದಲ್ಲ. ನಕತ್ಸುಗಾವಾ ತನಕ ಟ್ರೈನು, ಅಲ್ಲಿಂದ ಮಾಗೊಮೆಗೆ ಬಸ್ಸು.

ಹಿಂದೆ ಎದೊ, ಅಂದರೆ ಈಗಿನ ಟೋಕಿಯೊದಿಂದ ಕ್ಯೋಟೋಗೆ ಬೆಟ್ಟಗಳ ನಡುವೆ ಹೋಗುತ್ತಿದ್ದ ದೊಡ್ಡ ದಾರಿ ನಕಸೆಂದೊ. ಪ್ರಯಾಣಿಕರು ಉಳಿದುಕೊಳ್ಳಲು ಅದರುದ್ದಕ್ಕೂ 69 ಊರುಗಳಿದ್ದವು. 42ನೆಯದು ತ್ಸುಮಾಗೊ, 43ನೆಯದು ಮಾಗೊಮೆ. ಇವೆರಡರ ನಡುವಿನ ಸುಮಾರು 8 ಕಿಲೋಮೀಟರ್ ಹಳೇ ದಾರಿಯಲ್ಲಿ ಈಗಲೂ ನಡೆಯಬಹುದು. ಮಾಗೊಮೆಯಿಂದ ಹೊರಡುವುದೇ ಒಳ್ಳೆಯದು. 800 ಮೀಟರ್ ಎತ್ತರದ ಘಾಟಿಯ ಏರು ಮೊದಲೇ ಮುಗಿದುಹೋಗುತ್ತದೆ, ಆಮೇಲೆ ಇಳಿಜಾರೇ ಜಾಸ್ತಿ.

ಮಾಗೊಮೆ ಚೆಂದ ಇದೆ, ಆದರೆ ಸ್ವಲ್ಪ ಫೋಟೋಗೆ ಅಂತಲೇ ಇರುವ ಹಾಗಿದೆ. ಎರಡು ಸಲ ಬೆಂಕಿಗೆ ಸಿಕ್ಕಿ ಮತ್ತೆ ಕಟ್ಟಿದ ಊರು. ಕಲ್ಲು ಹಾಸಿದ ಏರು, ನೀರಿನ ಚಕ್ರ, ಅಂಗಡಿಗಳ ಸಾಲು. ಅಕ್ಕಿಯನ್ನು ಕುಟ್ಟಿ, ಕಡ್ಡಿಗೆ ಮೆತ್ತಿ, ಅಕ್ರೋಟು ಸೇರಿಸಿದ ಸಿಹಿ-ಉಪ್ಪಿನ ಗೊಜ್ಜು ಸವರಿ ಸುಡುವ ಗೊಹೇಯ್-ಮೋಚಿ ತಿಂದೆವು. ಸಸ್ಯಾಹಾರಿಗಳಿಗೆ ಜಪಾನಿನ ಹಳ್ಳಿ ಸುಲಭವಲ್ಲ, ಸೋಬಾ ಅನ್ನುವ ನೂಡಲ್ಸಿನ ಸಾರಿನಲ್ಲೂ ಮೀನು ಇರುತ್ತದೆ. ಹಾಗಾಗಿ ಅಮ್ಮ ಇನ್ನೊಂದು ಕಡ್ಡಿ ಕೇಳಿದಾಗ ನಾನು ಬೇಡ ಅನ್ನಲಿಲ್ಲ.

ಕಾಡುದಾರಿಯಲ್ಲಿ ಅಲ್ಲಲ್ಲಿ ಗಂಟೆ ಕಟ್ಟಿದ್ದಾರೆ, ಕರಡಿಗೆ ಮನುಷ್ಯರು ಬರುತ್ತಿದ್ದಾರೆ ಅಂತ ಗೊತ್ತಾಗಲಿ ಅಂತ. ಅಮ್ಮ ಒಂದನ್ನೂ ಬಿಡದೆ ಬಾರಿಸಿದಳು. ಕರಡಿಯ ಕಥೆ ಗೊತ್ತಿಲ್ಲ, ನಮ್ಮ ಮುಂದೆ ಹೋಗುತ್ತಿದ್ದ ಜೋಡಿಯಂತೂ ಪ್ರತಿ ಸಲ ತಿರುಗಿ ನೋಡುತ್ತಿತ್ತು. ದಾರಿಯಲ್ಲಿ ಒಂದು ಹಳೇ ಮನೆಯಲ್ಲಿ ಟೀ ಕೊಡುತ್ತಾರೆ. ಅದಕ್ಕೆ ದುಡ್ಡಿಲ್ಲ, ಕೊಡಬೇಕು ಅನಿಸಿದರೆ ಡಬ್ಬಿಗೆ ಹಾಕಬಹುದು.

ತ್ಸುಮಾಗೊದ ಕಥೆ ಬೇರೆ. 1911ರಲ್ಲಿ ರೈಲು ಮಾರ್ಗ ಪೂರ್ತಿಯಾದಾಗ ಅದು ಹೊಳೆಯ ದಂಡೆ ಹಿಡಿದು ಹೋಯಿತು, ಊರನ್ನು ಮುಟ್ಟಲೇ ಇಲ್ಲ. ದಾರಿಯಲ್ಲಿ ನಡೆಯುವವರಿಲ್ಲ, ಛತ್ರಕ್ಕೆ ಬರುವವರಿಲ್ಲ. ಹುಡುಗರು ಕೆಲಸ ಹುಡುಕಿ ಪಟ್ಟಣಕ್ಕೆ ಹೋದರು. ಹೊಸದಾಗಿ ಕಟ್ಟಲು ದುಡ್ಡಿಲ್ಲದೆ ಹಳೇ ಮನೆಗಳು ಹಾಗೇ ನಿಂತವು. 1960ರ ದಶಕದ ಕೊನೆಗೆ ಅವುಗಳನ್ನೇ ಉಳಿಸಿಕೊಳ್ಳೋಣ ಅಂತ ಊರವರು ಹೊರಟರು. 1971ರಲ್ಲಿ ಎಲ್ಲರೂ ಸೇರಿ ಕಟ್ಟಳೆ ಮಾಡಿಕೊಂಡರು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಹೊರಗಿನ ದುಡ್ಡು ಬಂದು ಒಂದೊಂದೇ ಮನೆ ಹೋಟೆಲ್ಲಾಗುವುದನ್ನು ಅವರು ಮೊದಲೇ ಊಹಿಸಿದ್ದರು ಅನಿಸುತ್ತದೆ. ಸರ್ಕಾರ 1976ರಲ್ಲಿ ಊರನ್ನು ಸಂರಕ್ಷಿತ ಅಂತ ಗುರುತಿಸಿತು, ಅಂದರೆ ಊರವರ ಕಟ್ಟಳೆಯಾಗಿ ಐದು ವರ್ಷಕ್ಕೆ. ಮುಖ್ಯ ಬೀದಿಯಲ್ಲಿ ಕರೆಂಟು ಕಂಬ ಕಾಣುವುದಿಲ್ಲ, ಹಗಲು ಹೊತ್ತು ಕಾರೂ ಬಿಡುವುದಿಲ್ಲ. ಇದೆಲ್ಲ ಚೆಂದವೇ. ಆದರೆ ಒಬ್ಬ ಮಗ ತನ್ನದೇ ಮನೆಯನ್ನು ಮಾರಲಾಗದೆ ಎಷ್ಟು ಒದ್ದಾಡಿರಬೇಡ ಅಂತಲೂ ನನಗೆ ಅನಿಸಿತು.

ನನಗೆ ತುಂಬ ಹಿಡಿಸಿದ್ದು ವಕಿಹೊನ್‌ಜಿನ್ ಒಕುಯಾ ಅನ್ನುವ ಮನೆ. ಕಿಸೊದ ಕಾಡಿನಲ್ಲಿ ಹಿನೋಕಿ ಅನ್ನುವ ಮರ ಇದೆ, ಜಪಾನಿನ ಪ್ರಸಿದ್ಧ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವುದೂ ಅದರಲ್ಲೇ. ಎದೊ ಕಾಲದಲ್ಲಿ (1603–1868) ಹಿನೋಕಿ ಸೇರಿ ಐದು ಜಾತಿಯ ಮರಗಳನ್ನು ಜನ ಮುಟ್ಟುವ ಹಾಗಿರಲಿಲ್ಲ. ಒಂದು ಮರ ಕಡಿದರೆ ಒಂದು ತಲೆ ಹೋಗುತ್ತದೆ ಅನ್ನುವ ಮಾತೇ ಇತ್ತು. ಸುತ್ತ ಹಿನೋಕಿ, ಮನೆಗೆ ಮಾತ್ರ ಬೇರೆ ಮರ. ಆ ಕಾಲ ಮುಗಿದ ಮೇಲೆ, 1877ರಲ್ಲಿ, ಈ ಮನೆಯವರು ಇಡೀ ಮನೆಯನ್ನು ಹಿನೋಕಿಯಲ್ಲೇ ಕಟ್ಟಿಸಿದರು. ತಲೆಮಾರುಗಳ ಆಸೆ ಒಂದೇ ಸಲ ತೀರಿಸಿಕೊಂಡಿದ್ದಾರೆ!

ನಡುವಿನ ಕೋಣೆಯಲ್ಲಿ ನೆಲದೊಳಗೇ ಚೌಕದ ಒಲೆ. ಮೇಲಿನಿಂದ ಇಳಿಬಿಟ್ಟ ಕೊಕ್ಕೆಗೆ ಕೆಟಲ್ ತೂಗುಹಾಕಿದ್ದರು. ಹೊಗೆ ಮೇಲೆ ಹೋಗಿ ತೊಲೆಗಳೆಲ್ಲ ಕಪ್ಪಾಗಿ ಮಿರಮಿರ ಅನ್ನುತ್ತಿದ್ದವು. ಮನೆ ತೋರಿಸುತ್ತಿದ್ದ ಹೆಂಗಸು ಏನೋ ವಿವರಿಸಲು ಶುರುಮಾಡಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಹುಳ ಹಿಡಿಯದಿರಲಿ ಅಂತ ಹೊಗೆ ಹಾಕ್ತಾರೆ ಮಾರಾಯ, ಇಷ್ಟೂ ಗೊತ್ತಿಲ್ವಾ? ನಮ್ಮ ಅಟ್ಟ ನೋಡಿಲ್ವಾ ನೀನು?" ಅಂದಳು. ಆ ಹೆಂಗಸು ಹೇಳಿದ್ದೂ ಅದನ್ನೇ.

ಅಲ್ಲಿನ ಇನ್ನೊಂದು ವಿಶೇಷ ಸುಂಕಿ. ಕೆಂಪು ಟರ್ನಿಪ್ ಸೊಪ್ಪನ್ನು ಉಪ್ಪಿಲ್ಲದೆ ಹುಳಿ ಬರಿಸುತ್ತಾರೆ. ಸಮುದ್ರ ದೂರ, ಉಪ್ಪು ದುಬಾರಿಯಾಗಿದ್ದ ಕಾಲದ ಅಡುಗೆ. ಅಮ್ಮ ಒಂದು ಎಸಳು ಬಾಯಿಗೆ ಹಾಕಿಕೊಂಡು, "ಒಗ್ಗರಣೆ ಇದ್ದಿದ್ರೆ ಆಗ್ತಿತ್ತು" ಅಂದಳು. ಪ್ಯಾಕೆಟ್ಟನ್ನಂತೂ ಕೊಂಡಳು.

ಹೋಗುವವರಿಗೆ ಒಂದು ಮಾತು. ತ್ಸುಮಾಗೊದಿಂದ ನಗಿಸೊ ಸ್ಟೇಷನ್ನಿಗೆ ಬಸ್ಸು ಕಡಿಮೆ, ಸಂಜೆ ಬೇಗ ನಿಂತುಹೋಗುತ್ತದೆ. ತಪ್ಪಿದರೆ ನಡೆದೇ ಹೋಗಿ, ಒಂದು ಗಂಟೆ ಸಾಕು. ಟ್ರೈನಿಗೆ ಟೈಮಿದ್ದರೆ ಸ್ಟೇಷನ್ ಹತ್ತಿರ ಕಿಸೊ ಹೊಳೆಯ ಮೇಲೆ 1922ರಲ್ಲಿ ಕಟ್ಟಿದ ಮೊಮೊಸುಕೆ ತೂಗುಸೇತುವೆ ಇದೆ, 247 ಮೀಟರ್ ಉದ್ದ. ವಿದ್ಯುತ್ ಕೇಂದ್ರ ಕಟ್ಟಲು ಸಾಮಾನು ಸಾಗಿಸಲಿಕ್ಕೆ ಮಾಡಿದ್ದು. ಅಮ್ಮ ಅದರ ಮೇಲೆ ಅರ್ಧ ಹೋಗಿ ವಾಪಸ್ ಬಂದಳು, ತೂಗುತ್ತದೆ ಅಂತ.