ಸೈಗಾನ್‌ನಲ್ಲಿ ಊಟಕ್ಕೇನು ಮಾಡಿದಿರಿ?

ಅಮ್ಮನನ್ನು ವಿಯೆಟ್ನಾಮಿನ ಹೋ ಚಿ ಮಿನ್ ನಗರಕ್ಕೆ, ಅಂದರೆ ಹಳೆಯ ಸೈಗಾನ್‌ಗೆ ಕರೆದುಕೊಂಡು ಹೋಗಿದ್ದೆ ಎಂದರೆ ಸಾಕು, ಎಲ್ಲರೂ ಮೊದಲು ಕೇಳುವುದು ಇದೇ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅವಲಕ್ಕಿ, ಚಟ್ನಿಪುಡಿ, ಎರಡು ಡಬ್ಬಿ ಪುಳಿಯೋಗರೆ ಗೊಜ್ಜು ಕಟ್ಟಿಕೊಂಡೇ ವಿಮಾನ ಹತ್ತಿದ್ದೆವು. ಒಂದು ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ವಾಪಸು ತಂದೆವು.

ಒಂದೇ ಪದ ಕಲಿತರೆ ಸಾಕು: ‘ಚಯ್’. ಸಸ್ಯಾಹಾರಕ್ಕೆ ಅಲ್ಲಿಯವರ ಹೆಸರು ಅದು. ಅಲ್ಲಿ ಬರೆಯುವುದು ರೋಮನ್ ಲಿಪಿಯಲ್ಲೇ ಆದ್ದರಿಂದ ಅಂಗಡಿಯ ಫಲಕದಲ್ಲಿ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಇದು ಪ್ರವಾಸಿಗರಿಗಾಗಿ ಹುಟ್ಟಿದ ಅಡುಗೆಯಲ್ಲ, ಬೌದ್ಧರ ವ್ರತದ ಊಟ. ನಮ್ಮಲ್ಲಿ ಏಕಾದಶಿ, ಸಂಕಷ್ಟಿ ಹಿಡಿಯುವಂತೆ ಅಲ್ಲಿ ಅನೇಕರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮಾಂಸ ಬಿಡುತ್ತಾರೆ. ಕಟ್ಟುನಿಟ್ಟಿನವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಸಾಧ್ಯವಾದರೆ ಹುಣ್ಣಿಮೆ ನೋಡಿಕೊಂಡು ಹೋಗಿ.

ಮಾಮೂಲಿ ಹೋಟೆಲಿನಲ್ಲಿ ತರಕಾರಿ ತೋರಿಸಿ ಕೇಳುವುದು ಮಾತ್ರ ಬೇಡ. ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ತೆಗೆದ ‘ನುಕ್ ಮಾಮ್’ ಎಂಬ ರಸ ನಮ್ಮ ಹುಣಸೆಹಣ್ಣಿನಂತೆ ಎಲ್ಲದಕ್ಕೂ ಬೀಳುತ್ತದೆ.

1914ರಲ್ಲಿ ಕಟ್ಟಿದ ಬೆನ್ ಥಾನ್ ಮಾರುಕಟ್ಟೆಯಿಂದ ಸ್ವಲ್ಪ ದೂರದ ಓಣಿಯೊಂದರಲ್ಲಿ ಹುಣ್ಣಿಮೆಯ ದಿನ ನಾವು ಕುಳಿತೆವು. ಸಾಲಾಗಿಟ್ಟ ಸ್ಟೀಲ್ ತಟ್ಟೆಗಳಿಂದ ಬೇಕಾದ್ದನ್ನು ಬೆರಳು ಮಾಡಿ ತೋರಿಸಿದರೆ ಅನ್ನದ ಪಕ್ಕಕ್ಕೆ ಬಡಿಸುತ್ತಾರೆ. ಸೋಯಾ ಸಾಸಿನಲ್ಲಿ ಬೇಯಿಸಿದ ಎಳೆ ಹಲಸು, ಮಜ್ಜಿಗೆಹುಲ್ಲು ಮತ್ತು ಮೆಣಸಿನಕಾಯಿ ಜಜ್ಜಿ ಹುರಿದ ತೋಫು. ಜೊತೆಗೆ ಬಟ್ಟಲಿನಲ್ಲಿ ತಿಳಿಸಾರು, ಅದರೊಳಗೆ ತೋಫು, ಅಣಬೆ ತುಂಬಿದ ಹಾಗಲಕಾಯಿ. ಅಮ್ಮ ಒಂದು ತುಂಡು ಬಾಯಿಗಿಟ್ಟು, "ಕಹಿ ಹಿಂಡಿಯೇ ಇಲ್ಲ ನೋಡು" ಎಂದಳು. ಅಂಗಡಿಯವರ ಮಗಳು ಅದಕ್ಕೂ ಕಾರಣ ಹೇಳಿದಳು. ದಕ್ಷಿಣದವರು ಹಾಗಲಕ್ಕೆ ‘ಖೋ ಕ್ವಾ’ ಎನ್ನುತ್ತಾರೆ. ಅದೇ ಮಾತಿನಲ್ಲಿ ‘ಕಷ್ಟ ಕಳೆಯಲಿ’ ಎಂಬ ಅರ್ಥವೂ ಕೇಳಿಸುತ್ತದೆ. ಅದಕ್ಕೇ ಹೊಸವರ್ಷದ ‘ತೆತ್’ ಹಬ್ಬಕ್ಕೆ ಈ ಸಾರು ಮಾಡುತ್ತಾರೆ. ಯುಗಾದಿಯ ಬೇವನ್ನು ನೆನೆದು ಅಮ್ಮ ಬಟ್ಟಲು ಖಾಲಿ ಮಾಡಿದಳು.

ಕಾಫಿಯ ಚಿಂತೆಯೂ ಬೇಡ. ಲೋಟದ ಮೇಲೆ ಕೂರುವ ‘ಫಿನ್’ ನಮ್ಮ ಫಿಲ್ಟರಿನ ತಮ್ಮನಂತಿದೆ. ರೊಬಸ್ಟಾ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಗಟ್ಟಿ ಸಿಹಿ ಹಾಲಿನ ಮೇಲೆ ಇಳಿಯುತ್ತದೆ. ಕೊಡಗಿನ ಕಾಫಿ ಕುಡಿದು ಬೆಳೆದವರಿಗೆ ಆ ಘಾಟು ಹೊಸದೇನಲ್ಲ.

ಬೈಕುಗಳ ಪ್ರವಾಹಕ್ಕೆ ಅಮ್ಮ ಮೊದಲ ದಿನ ಹೆದರಿದ್ದಳು. ನಿಲ್ಲದೆ, ಓಡದೆ, ಒಂದೇ ನಡಿಗೆಯಲ್ಲಿ ದಾಟಿದರೆ ಅವರೇ ಸರಿದು ಹೋಗುತ್ತಾರೆ. ಹಾಗೆ ದಾಟಿಯೇ ತ್ರುಓಂಗ್ ದಿನ್ ಬೀದಿಯ ಮಾರಿಯಮ್ಮನ ಗುಡಿಗೆ ಹೋದೆವು. ತಮಿಳು ವಲಸಿಗರು ಕಟ್ಟಿಸಿದ ಗುಡಿ, ಈಗ ಬರುವವರಲ್ಲಿ ಹೆಚ್ಚಿನವರು ವಿಯೆಟ್ನಾಮಿನವರೇ. ಅವರ ಬಾಯಲ್ಲಿ ಅದು ‘ಭಾರತದ ಅಮ್ಮನ ಗುಡಿ’. ಹಿಂಬದಿಯ ಕಲ್ಲಿನ ಗೋಡೆಗೆ ಹಣೆ ಒತ್ತಿ ಹರಕೆಯನ್ನು ಪಿಸುಗುಡುವುದು ಅಲ್ಲಿಯ ರೂಢಿ. ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಹಾಗೆ ನಿಂತಿದ್ದಳು. ಅಮ್ಮ ಸ್ವಲ್ಪ ಹೊತ್ತು ನೋಡಿ, ಅವಳ ಪಕ್ಕದಲ್ಲೇ ಗೋಡೆಗೆ ಹಣೆಯಿಟ್ಟಳು.