ಆಕಿಗೆ ಹೇಳಬ್ಯಾಡೇನು?

ಕಾರಟಗಿ, 11 ಆಗಸ್ಟ್ 2024, ಭಾನುವಾರ

ನಿನ್ನೆ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತೆಂಬ ಸುದ್ದಿ ಬಂದಾಗ ಮನೆಯಲ್ಲಿ ಎಲ್ಲರೂ ಮಲಗಿದ್ದೆವು. ಪಂಚಮಿಗೆಂದು ತವರಿಗೆ ಬಂದಿದ್ದ ತಂಗಿಯ ಫೋನು ಮೊದಲು ಹೊಡೆದುಕೊಂಡಿತು, ಅದರ ಹಿಂದೆಯೇ ನನ್ನದು. ನಾನು ಮುನಿರಾಬಾದಿನ ಭಾವನಿಗೆ, ಪರಿಚಯದ ಎಂಜಿನಿಯರರೊಬ್ಬರಿಗೆ, ಗೊಬ್ಬರದಂಗಡಿಯ ಸಾಹುಕಾರರಿಗೆ, ಕೊನೆಗೆ ನನ್ನಷ್ಟೂ ತಿಳಿಯದ ಸಿಂಧನೂರಿನ ಗೆಳೆಯನಿಗೂ ಫೋನು ಮಾಡಿದೆ. ಗದ್ದೆಯಲ್ಲಿ ಭತ್ತ ಈಗಷ್ಟೇ ಬೇರು ಹಿಡಿಯುತ್ತಿದೆ. ಕಳೆದ ವರ್ಷ ಬರದಿಂದ ಎರಡನೆಯ ಬೆಳೆಗೆ ಕಾಲುವೆಯ ನೀರೇ ಸಿಗಲಿಲ್ಲ. ಈ ಸಲ ಡ್ಯಾಮು ತುಂಬಿತೆಂದು ಹಿಗ್ಗಿ ಇನ್ನೂ ಹದಿನೈದು ದಿನಗಳಾಗಿರಲಿಲ್ಲ.

ಈ ಗದ್ದಲದ ನಡುವೆ ಅವ್ವ ಎದ್ದು ಕೈಕಾಲು ತೊಳೆದುಕೊಂಡು, ದೇವರ ಜಗಲಿಯ ಮೇಲಿನ ಹುಲಿಗೆಮ್ಮನ ಪಟದ ಮುಂದೆ ದೀಪ ಹಚ್ಚಿ ಕುಳಿತದ್ದನ್ನು ನಾನು ನೋಡಿದ್ದು ಬಹಳ ತಡವಾಗಿ. ನನಗೆ ಸಿಟ್ಟು ಬಂತು. ಸಂಕಟ ಬಂದಾಗ ವೆಂಕಟರಮಣ ಎಂದು ಗೊಣಗಿದೆ.

"ನೀ ಅದನ್ನರ ಎಲ್ಲಿ ಮಾಡೀಯೋ ತಮ್ಮಾ? ಸಂಕಟ ಬಂದ್ರೂ ನಿನಗ ಫೋನೇ ನೆನಪಾತು" ಎಂದಳು.

ಆ ಗಾದೆ ಕಷ್ಟ ಬಂದಾಗ ಮಾತ್ರ ದೇವರನ್ನು ನೆನೆಯುವವರನ್ನು ಹಂಗಿಸುವುದಕ್ಕೆ ಹುಟ್ಟಿದ್ದು. ಅಷ್ಟರ ಮಟ್ಟಿನ ಭಕ್ತಿಯೂ ನನ್ನಲ್ಲಿ ಉಳಿದಿಲ್ಲವೆಂಬುದು ನನಗೆ ಹೊಳೆದಿರಲೇ ಇಲ್ಲ. ಆದರೂ ಸೋಲಲು ಮನಸ್ಸಿಲ್ಲದೆ, ನೀನು ಬೇಡಿಕೊಂಡರೆ ಹುಲಿಗೆಮ್ಮ ಬಂದು ಗೇಟು ಕೂಡಿಸುತ್ತಾಳೆಯೇ ಎಂದು ಕೇಳಿದೆ.

"ನಾ ಏನೂ ಬೇಡಿಲ್ಲ. ಹಿಂಗಾಗೈತೆವ್ವಾ ಅಂತ ಹೇಳೀನಿ, ಅಷ್ಟ. ನೀ ಊರ ಮಂದಿಗೆಲ್ಲಾ ಹೇಳಿದಿ, ಆಕಿಗೆ ಹೇಳಬ್ಯಾಡೇನು? ಆಕಿ ಗುಡಿ ಹೊಳಿ ದಂಡಿಗೇ ಐತಿ, ನೀರು ಮೊದಲು ಹೋಗೂದು ಆಕಿ ಮುಂದಿಂದ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಪ್ರಾರ್ಥನೆಯೆಂದರೆ ಅರ್ಜಿ ಕೊಡುವುದೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಅರ್ಜಿ ಮಂಜೂರಾಗುವ ನಂಬಿಕೆ ಇಲ್ಲದ್ದರಿಂದಲೇ ಕೊಡುವುದನ್ನೂ ಬಿಟ್ಟಿದ್ದೆ. ಮನೆಯ ಹಿರಿಯಳಿಗೆ ಮೊದಲು ವಿಷಯ ತಿಳಿಸಿ, ಆಮೇಲೆ ಉಳಿದ ಕೆಲಸಕ್ಕೆ ಹೊರಡುವ ರೀತಿಯೂ ಇದ್ದೀತೆಂದು ತೋಚಿರಲಿಲ್ಲ. ದೀಪದ ಮುಂದಿನಿಂದ ಎದ್ದ ಅವ್ವ ಮೊದಲು ಕೇಳಿದ್ದು ಹೊಳೆ ದಂಡೆಯಲ್ಲಿರುವ ತನ್ನ ತಂಗಿಯ ಮನೆಯವರು ಮೇಲಿನ ಊರಿಗೆ ಹೋದರೋ ಇಲ್ಲವೋ ಎಂದು. ಅಷ್ಟು ಫೋನು ಮಾಡಿದ ನಾನು ಅವರಿಗೆ ಮಾತ್ರ ಮಾಡಿರಲಿಲ್ಲ.

ಮಾನ್ವಿ ಸೀಮೆಯ ಬ್ಯಾಗವಾಟದ ಹರಿದಾಸರು ಜಗನ್ನಾಥದಾಸರ ಕಥೆ ಬೆಳಿಗ್ಗೆಯಿಂದ ತಲೆಯಲ್ಲಿದೆ. ಪಾಂಡಿತ್ಯದ ಬಿಗುಮಾನದಲ್ಲಿ ವಿಜಯದಾಸರ ಕರೆಯನ್ನು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿದವರು, ಆ ನೋವು ನಿಜವಾಗಿಯೇ ಬಂದ ಮೇಲೆ ಅವರಲ್ಲಿಗೇ ಬಂದರೆಂದೂ, ವಿಜಯದಾಸರ ಶಿಷ್ಯರಾದ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆಯೆರೆದರೆಂದೂ ನಮ್ಮ ಕಡೆ ಹೇಳುತ್ತಾರೆ. ಸಂಕಟಕ್ಕೇ ಬಂದೆಯಾ ಎಂದು ಅವರನ್ನು ಯಾರೂ ಹಂಗಿಸಿದಂತಿಲ್ಲ. ಹಂಗಿಸುವ ಕೆಲಸವನ್ನು ನನ್ನಂಥವರೇ ಗುತ್ತಿಗೆ ಹಿಡಿದಿದ್ದೇವೆ.

ದುರಸ್ತಿಗಾಗಿ ಜಲಾಶಯದ ಅರ್ಧಕ್ಕೂ ಹೆಚ್ಚು ನೀರನ್ನು ಹೊಳೆಗೆ ಬಿಡಬೇಕಾದೀತೆಂದು ಮಧ್ಯಾಹ್ನದ ಸುದ್ದಿ. ಸಂಜೆ ಯಾರೂ ಇಲ್ಲದ ಹೊತ್ತು ನೋಡಿಕೊಂಡು ನಾನೂ ಜಗಲಿಯ ಮುಂದೆ ಕುಳಿತೆ. ಬೇಡುವುದು ಬೇಡ, ನಡೆದದ್ದನ್ನಷ್ಟೇ ಹೇಳೋಣವೆಂದು 19ನೆಯ ಗೇಟಿನಿಂದ ಆರಂಭಿಸಿದರೆ, ಮಾತು ತಾನಾಗಿಯೇ ಎರಡನೆಯ ಬೆಳೆಗೆ, ಅಲ್ಲಿಂದ ಸಾಹುಕಾರರ ಬಾಕಿಗೆ, ಬಡ್ಡಿಗೆ ಹರಿಯಿತು. ಮತ್ತೆ ಮೊದಲಿನಿಂದ ಹೇಳತೊಡಗಿದೆ. ಹಿಂಗಾಗೈತೆವ್ವಾ ಎಂದೆ, ಮುಂದೆ ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ತಂಗಿ ಚಹಾ ಹಿಡಿದು ಒಳಗೆ ಬಂದಳು, ನಾನು ಬತ್ತಿ ಸರಿಮಾಡುವವನಂತೆ ನಟಿಸಿದೆ.