“ನೀವು ಮಾತ್ರ ಮನೆ ಕಟ್ಕೊಂಡಿದೀರಲ್ಲ ಸಾರ್?”

ಬನ್ನೇರುಘಟ್ಟ ಕಾಡಿನ ಅಂಚಲ್ಲಿ ಹೊಸ ಲೇಔಟ್ ಬೇಡ ಅಂತ ನಾವೊಂದಷ್ಟು ಜನ ಅರ್ಜಿ ಹಿಡ್ಕೊಂಡು ಓಡಾಡ್ತಿರೋದು ಗೊತ್ತಾದ ಕೂಡ್ಲೇ ಎಲ್ಲರೂ ಕೇಳೋದು ಇದೊಂದೇ, ನೆಂಟರ ಮದುವೆ ಪಂಕ್ತಿಲೂ ಕೇಳ್ತಾರೆ.

ಹೌದು, ಕಟ್ಕೊಂಡಿದೀನಿ. ಬನ್ನೇರುಘಟ್ಟ ರೋಡಲ್ಲೇ, ಥರ್ಟಿ ಫಾರ್ಟಿ ಸೈಟು, ಮುಂಚೆ ಅದೂ ರಾಗಿ ಹೊಲಾನೇ. ಅದಕ್ಕೇ ಬೇಡ ಅಂತಿರೋದು, ಆಮೇಲೆ ಏನಾಗುತ್ತೆ ಅಂತ ಕಣ್ಣಾರೆ ನೋಡಿದೀನಿ.

ಮೊದ್ಲು ಬರೋದು ಮನೆ ಅಲ್ಲ, ಜೆಸಿಬಿ. ಬದು ಕಿತ್ತು ಸಮ ಮಾಡಿ ಕಲ್ಲು ನೆಟ್ಟು ಕಾಂಪೌಂಡ್ ಎಬ್ಬಿಸಿ ಬೀದಿ ದೀಪ ಹಾಕ್ತಾರೆ, ಸೈಟೆಲ್ಲ ವರ್ಷಗಟ್ಟಲೆ ಖಾಲಿ, ಲೈಟ್ ಮಾತ್ರ ರಾತ್ರಿಯಿಡೀ ಉರೀತಿರುತ್ತೆ. ನಾಲ್ಕು ಮನೆ ಬಂದ್ವು ಅಂದ್ರೆ ಮೂಲೇಲಿ ಕಸ, ಕಸಕ್ಕೆ ನಾಯಿ, ನಾಯಿಗೆ ಚಿರತೆ. ಆಮೇಲೆ ಸಿಸಿಟಿವಿ ಕ್ಲಿಪ್ ವಾಟ್ಸಾಪಿಗೆ ಬಿಟ್ಟು ಫಾರೆಸ್ಟ್‌ನವ್ರು ಏನ್ ಮಾಡ್ತಿದಾರೆ ಅಂತ ಬೈಯೋದು (ನಾನೂ ಒಂದ್ಸಲ ಬೈದಿದೀನಿ, ಸುಳ್ಳು ಯಾಕೆ ಹೇಳ್ಲಿ). 2023ರ ನವೆಂಬರಲ್ಲಿ ಕೂಡ್ಲು ಗೇಟ್ ಹತ್ರ ಬಂದಿದ್ದ ಚಿರತೇನ ಹಿಡಿಯೋಕೆ ಹೋಗಿ ಕೊನೆಗೆ ಅದು ಸತ್ತೇ ಹೋಯ್ತು.

“ಕಾಡೊಳಗಲ್ವಲ್ಲ, ಅಂಚಲ್ಲಿ ತಾನೆ?” ಅಂತಾರೆ. ಮ್ಯಾಪ್ ತೆಗೆದು ನೋಡಿ. ಸುಮಾರು 260 ಚದರ ಕಿಲೋಮೀಟರ್ ಇದೆ ನಿಜ, ಆದ್ರೆ ಉದ್ದುದ್ದ, ಎಲ್ಲಿ ನಿಂತ್ರೂ ಊರು ದೂರ ಇಲ್ಲ. ಕರಡಿಕಲ್-ಮಾದೇಶ್ವರ ಅನ್ನೋ ಆನೆ ದಾರಿ ಹತ್ರ ಅಂತೂ ಕೆಲವೇ ನೂರು ಮೀಟರ್ ಅಗಲ, ಉತ್ತರದ ಕಡೆಯಿಂದ ಆನೆಗಳು ದಕ್ಷಿಣಕ್ಕೆ ಹೋಗ್ಬೇಕಂದ್ರೆ ಅದರಲ್ಲೇ ನುಸುಳ್ಬೇಕು. ಸುತ್ತ ಇರೋ ಪರಿಸರ ಸೂಕ್ಷ್ಮ ವಲಯ, ಅಂದ್ರೆ ಕಟ್ಟಡ ಗಿಟ್ಟಡಕ್ಕೆ ಕಡಿವಾಣ ಇರೋ ಪಟ್ಟಿ, 2016ರ ಕರಡಲ್ಲಿ 268.96 ಚದರ ಕಿಲೋಮೀಟರ್ ಇತ್ತು, 2020ರಲ್ಲಿ ಫೈನಲ್ ಆಗೋ ಹೊತ್ತಿಗೆ 168.84. ಕೆಲವು ಕಡೆ ಬರೀ 100 ಮೀಟರ್. ಬ್ರೋಕರ್‌ಗಳು ಈಗ ಧೈರ್ಯವಾಗಿ “ಝೋನ್ ಪ್ರಾಬ್ಲಮ್ ಇಲ್ಲ ಸಾರ್” ಅಂತಾರೆ.

ನಿಜವಾಗ್ಲೂ ಕಷ್ಟದ ಪ್ರಶ್ನೆ ಕೇಳಿದ್ದು ರಾಗಿಹಳ್ಳಿ ಕಡೆ ಒಬ್ಬ ರೈತರು. ತೆನೆ ಬಲಿಯೋ ಟೈಮಲ್ಲಿ ಅಟ್ಟಣೆ ಮೇಲೆ ನಿದ್ದೆಗೆಟ್ಟು ಪಟಾಕಿ ಹೊಡೀತಾರೆ ಅವ್ರು, ಆದ್ರೂ ಒಂದು ರಾತ್ರಿ ಆನೆ ಇಳಿದ್ರೆ ಮುಗೀತು, ಪರಿಹಾರ ಬರೋದು ಯಾವಾಗ್ಲೋ. “ಮಾರ್ಬೇಡ ಅಂತೀರಲ್ಲ ಸ್ವಾಮಿ, ಮಗಳ ಮದುವೆಗೆ ನೀವು ದುಡ್ಡು ಕೊಡ್ತೀರಾ?” ಅಂದ್ರು. ನಾನು ಸುಮ್ನೆ ಟೀ ಕುಡಿದೆ. ಅವ್ರು ಮಗನಿಗೆ ಅಂತ ಹೊಲದಲ್ಲಿ ಒಂದು ಮನೆ ಕಟ್ಟಿದ್ರೆ ನಂದೇನೂ ತಕರಾರಿಲ್ಲ, ನಾನು ಬೇಡ ಅಂತಿರೋದು ಇನ್ವೆಸ್ಟ್‌ಮೆಂಟಿಗೆ ಅಂತ ಬೇಲಿ ಹಾಕಿ ಬಿಡೋ ಇನ್ನೂರು ಮುನ್ನೂರು ಸೈಟು.

ಹೋದ ವರ್ಷ ಅವ್ರ ಪಕ್ಕದ ಜಮೀನು ಲೇಔಟ್ ಆಯ್ತು, ಉದ್ದಕ್ಕೂ ಕಾಂಪೌಂಡ್. ಅಲ್ಲಿ ಹಾದು ಹೋಗ್ತಿದ್ದ ಆನೆಗಳು ಈಗ ಗೋಡೆ ಬಳಸಿ ಸೀದಾ ಇವ್ರ ಹೊಲಕ್ಕೇ ಇಳೀತಾವೆ. ನಮ್ ಅರ್ಜಿಗೆ ಅವ್ರೂ ಸೈನ್ ಹಾಕಿದ್ರು. ಒಳ್ಳೆ ರೇಟ್ ಬಂದ್ರೆ ಮಾತ್ರ ಮಾರೇ ಮಾರ್ತೀನಿ ಅಂತ ಸೈನ್ ಹಾಕ್ತಾನೇ ಹೇಳಿದ್ರು.